ಕಿತ್ತೂರಿಗೆ ಹೋಗುವ ಹಿಂದಿನ ರಾತ್ರಿ ಮಕ್ಕಳಿಗೆ ಧ್ರುವ ತೋರಿಸಿದೆ

ಮೊದಲ ಸಲ ಕಿತ್ತೂರಿಗೆ ಹೋದಾಗ ಸವದತ್ತಿ, ನವಿಲುತೀರ್ಥ ಎಲ್ಲವನ್ನೂ ಒಂದೇ ದಿನಕ್ಕೆ ಸೇರಿಸಿದ್ದೆ. ಕೋಟೆ ಮುಟ್ಟುವಷ್ಟರಲ್ಲಿ ಮಕ್ಕಳು ಕಾರಿನಲ್ಲೇ ಮಲಗಿಬಿಟ್ಟಿದ್ದರು. ಬಹಳ ಬೇಜಾರಾಗಿತ್ತು. ಹುಬ್ಬಳ್ಳಿಯ ಮಕ್ಕಳು ಇವರು, ದಿನಾ ಚೆನ್ನಮ್ಮ ಸರ್ಕಲ್ ದಾಟಿ ಶಾಲೆಗೆ ಹೋಗುತ್ತಾರೆ. ಆಕೆಯ ವಾಡೆ, ಅಂದರೆ ಅರಮನೆ, ನೋಡದೆ ಬೆಳೆದರೆ ಹೇಗೆ?

ಈ ಸಲ ಕಿತ್ತೂರು, ಬೈಲಹೊಂಗಲ ಎರಡೇ ಎಂದು ಗಟ್ಟಿ ಮಾಡಿದೆ. ವಾಡೆಯಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿ ಇದೆ. ಆದರೆ ನಾವು ಹೋಗುವುದು ಹಗಲಲ್ಲಿ. ಅದಕ್ಕೇ ಹಿಂದಿನ ರಾತ್ರಿ ಎಲ್ಲರನ್ನೂ ಮಾಳಿಗೆಗೆ ಕರೆದೊಯ್ದೆ. ಫೋನಿನ ದಿಕ್ಸೂಚಿ ಹಿಡಿದು ಉತ್ತರ ಹುಡುಕಿದೆವು. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ನಮ್ಮ ಭಾಗದಲ್ಲಿ ಧ್ರುವ ಇರುವುದು 15 ಡಿಗ್ರಿಯ ಆಸುಪಾಸು, ಅಂದರೆ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ. ಮಸುಕಾಗಿತ್ತು, ಆದರೂ ಸಿಕ್ಕಿತು.

ಬೆಳಿಗ್ಗೆ 7ಕ್ಕೆ ಹೊರಟೆವು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಬೈಪಾಸ್ ಹಿಡಿಯದೆ ಧಾರವಾಡದ ಊರೊಳಗಿಂದಲೇ ಹೋದೆ, ಯಾಕಂದರೆ ಕತೆ ಶುರುವಾಗುವುದು ಅಲ್ಲಿಂದ. ಕಲೆಕ್ಟರ್ ಥ್ಯಾಕರೆ ಇದ್ದದ್ದು ಧಾರವಾಡದಲ್ಲಿ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ. ದತ್ತು ತೆಗೆದುಕೊಂಡ ಹುಡುಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಥ್ಯಾಕರೆ ಸೈನ್ಯ ಕಟ್ಟಿಕೊಂಡು ಕಿತ್ತೂರಿಗೆ ಹೋದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಗುಂಡೇಟಿಗೆ ಸತ್ತ. ಧಾರವಾಡದಿಂದ ಕಿತ್ತೂರು ಸುಮಾರು 30 ಕಿಲೋಮೀಟರ್. ಇಷ್ಟು ಹೇಳಿ ಮುಗಿಸುವುದರೊಳಗೆ ಊರು ಬಂತು.

ವಾಡೆಗೆ ಚಾವಣಿ ಇಲ್ಲ. ದಪ್ಪ ಗೋಡೆ, ಕಂಬದ ಅಡಿಗಲ್ಲು ಉಳಿದಿವೆ. ನಮ್ಮವ್ವನಿಗೆ ಮೊಣಕಾಲು ನೋವು. ಬಿಸಿಲೇರುವ ಮುಂಚೆ ಅವರ ಕೈ ಹಿಡಿದು ನಿಧಾನಕ್ಕೆ ಒಳಗೆ ಸುತ್ತಿದೆವು. ಸ್ನಾನದ ಕೋಣೆಗಳ ಹತ್ತಿರ ಅವ್ವ ತುಂಬ ಹೊತ್ತು ನಿಂತರು. ತೊಟ್ಟಿಯ ಅಂಚಿನ ಗಾರೆ ಮೇಲೆ ಕೈಯಾಡಿಸಿ, "ಎಷ್ಟು ನುಣುಪೈತಿ ನೋಡಪಾ ಇನ್ನೂ" ಅಂದರು. ನಾನೂ ಮುಟ್ಟಿದೆ. ತಣ್ಣಗಿತ್ತು.

ಮಗಳು ಆಗಲೇ ಕಿಂಡಿಗೆ ಕಣ್ಣಿಟ್ಟಿದ್ದಳು. "ಅಪ್ಪಾ, ಬರೀ ನೀಲಿ ಕಾಣತೈತಿ." ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಹಿಂದೆ ಸರಿದು, ಕೈ ಚಾಚಿ, ಮುಷ್ಟಿ ಮೇಲೆ ಮುಷ್ಟಿ ಇಟ್ಟು ಅಳೆಯತೊಡಗಿದಳು. "ರಾತ್ರಿ ಆದ್ರ ಇಲ್ಲೇ ಬರತೈತಲ್ಲಾ?" ತಮ್ಮನನ್ನೂ ಎಳೆದು ತಂದು ತೋರಿಸಿದಳು. ನಾನೇನೂ ಹೇಳಬೇಕಾಗಲೇ ಇಲ್ಲ.

ಕೋಟೆಯೊಳಗಿನ ಮ್ಯೂಸಿಯಂ ನೋಡಿ, ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ಉಳಿದ ಕತೆ ಹೇಳಿದೆ. ಕಂಪನಿ ಸೈನ್ಯ ಡಿಸೆಂಬರ್‌ನಲ್ಲಿ ಇನ್ನೂ ಜಾಸ್ತಿ ಬಲದೊಂದಿಗೆ ಬಂತು, ಕೋಟೆ ಬಿತ್ತು, ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಆಕೆ 1829ರಲ್ಲಿ ಅಲ್ಲೇ ತೀರಿಕೊಂಡಳು. ಮಧ್ಯಾಹ್ನ ಬೈಲಹೊಂಗಲಕ್ಕೆ ಹೋಗಿ ಸಮಾಧಿ ನೋಡಿದೆವು. ಅವ್ವ ಹುಬ್ಬಳ್ಳಿಯಿಂದಲೇ ಸೇವಂತಿಗೆ ಹೂವು ತಂದಿದ್ದರು. ಅದನ್ನಿಟ್ಟು ಕೈ ಮುಗಿದರು.

ಮಗನಿಗೆ ಸಂಗೊಳ್ಳಿ ರಾಯಣ್ಣನ ಊರಿಗೂ ಹೋಗಬೇಕಿತ್ತು, ಅವನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡಕ್ಕೂ ಹೋಗಬೇಕಿತ್ತು. ಆ ದಿನ ಬೇಡ ಅಂದೆ. ಅದಕ್ಕೆ ಬೇರೆಯೇ ಒಂದು ಭಾನುವಾರ ತೆಗೆದಿಟ್ಟಿದ್ದೇನೆ.