ಖಿನ್ನತೆಯ ಮಾತ್ರೆ: ಮೊದಲ ವಾರಗಳನ್ನು ನಾನು ದಾಟಿಸುವ ಬಗೆ

"ವಾರ ಆತ್ರಿ ಗುಳಿಗಿ ನುಂಗಾಕ ಹತ್ತಿ, ಏನೂ ಫರಕ್ ಇಲ್ಲ." ಬಳ್ಳಾರಿಯಲ್ಲಿ ಮನೋವೈದ್ಯನಾಗಿ ನಾನು ಜಾಸ್ತಿ ಕೇಳುವ ಮಾತು ಇದು. ಹೀಗೆ ಹೇಳೋಕೆ ವಾಪಸ್ ಬಂದವರ ಬಗ್ಗೆ ನನಗೆ ಚಿಂತೆ ಇಲ್ಲ. ಬಾರದೆ ಮನೆಯಲ್ಲೇ ಮಾತ್ರೆ ಬಿಟ್ಟವರದ್ದೇ ಚಿಂತೆ. ಅದಕ್ಕೇ ಮೊದಲ ಭೇಟಿಯಲ್ಲಿ ಚೀಟಿ ಬರೆಯುವುದಕ್ಕಿಂತ ಮಾತ್ರೆ ಏನು ಮಾಡುತ್ತದೆ ಎಂದು ಹೇಳುವುದಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ.

ನಾನು ಸಾಮಾನ್ಯವಾಗಿ ಬರೆಯುವುದು ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್. ಮೂರೂ ಹೋಗಿ ಕೂರುವುದು ಒಂದೇ ಕಡೆ, ಸಿರೊಟೋನಿನ್ ಟ್ರಾನ್ಸ್‌ಪೋರ್ಟರ್ ಎಂಬ ಪ್ರೋಟೀನ್ ಮೇಲೆ. ನರಕೋಶ ಹೊರಗೆ ಬಿಟ್ಟ ಸಿರೊಟೋನಿನ್ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಆಮೇಲೆ ಈ ಪ್ರೋಟೀನ್ ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಸಿರುಗುಪ್ಪ ಕಡೆಯ ರೈತರು ಬಂದರೆ ಚೀಟಿಯ ಹಿಂದೆ ಒಂದು ಗದ್ದೆ, ಅದರ ಬದುವಿನ ಮೇಲೊಂದು ಮೋಟರ್ ಬರೆಯುತ್ತೇನೆ. ನೀರು ಹೊರಗೆಳೆಯುವ ಮೋಟರ್ ನಿಲ್ಲಿಸಿದರೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಅಲ್ವಾ? ಮಾತ್ರೆ ಮಾಡುವುದೂ ಅಷ್ಟೇ, ಹೊಸ ನೀರು ತರುವುದಿಲ್ಲ. "ನಿಮ್ಮ ಮೆದುಳಲ್ಲಿ ಸಿರೊಟೋನಿನ್ ಕಮ್ಮಿಯಾಗಿದೆ" ಎಂದು ಮಾತ್ರ ನಾನು ಹೇಳುವುದಿಲ್ಲ. ಖಿನ್ನತೆಗೆ ಅದೇ ಕಾರಣ ಎಂಬುದು ಸಾಬೀತಾಗಿಲ್ಲ.

ಟ್ರಾನ್ಸ್‌ಪೋರ್ಟರ್ ತಡೆಯುವ ಕೆಲಸ ಮೊದಲ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಮೆದುಳಿನಲ್ಲಿ ಔಷಧ ಎಲ್ಲಿ ಕೂತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ಗಳಲ್ಲಿ ನೋಡಿದರೆ ಮಾಮೂಲಿ ಡೋಸ್‌ಗೆ ಸುಮಾರು ಶೇ. 80ರಷ್ಟು ಟ್ರಾನ್ಸ್‌ಪೋರ್ಟರ್‌ಗಳು ಹಿಡಿತಕ್ಕೆ ಸಿಕ್ಕಿರುತ್ತವೆ. ಹಾಗಿದ್ದೂ ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಯಾಕೆ? ಸಿರೊಟೋನಿನ್ ಬಿಡುವ ಕೋಶಗಳ ಮೇಲೆ ಅವುಗಳದ್ದೇ ಒಂದು ಬ್ರೇಕ್ ಇದೆ, 5-ಎಚ್‌ಟಿ1ಎ ರಿಸೆಪ್ಟರ್. ಸಿರೊಟೋನಿನ್ ಏರಿದ ಕೂಡಲೇ ಅದು ಕೋಶದ ಕೆಲಸವನ್ನು ತಗ್ಗಿಸುತ್ತದೆ. ದಿನವೂ ಮಾತ್ರೆ ತಗೊಂಡರೆ ಕೆಲ ವಾರಗಳಲ್ಲಿ ಆ ಬ್ರೇಕ್ ಸಡಿಲಾಗುತ್ತದೆ. ತಡಕ್ಕೆ ಇದೊಂದೇ ಕಾರಣವಲ್ಲ, ಆದರೆ ರೋಗಿಗೆ ಕಾಯುವ ಧೈರ್ಯ ಕೊಡಲು ಇಷ್ಟು ಸಾಕಾಗುತ್ತದೆ.

ನಡವಳಿಕೆ ಬದಲಾಗುವುದು ರೋಗಿಗಿಂತ ಮೊದಲು ಮನೆಯವರಿಗೆ ಕಾಣುತ್ತದೆ. ಜೀನ್ಸ್ ಹೊಲಿಯುವ ಒಬ್ಬ ಹೆಣ್ಣುಮಗಳು "ಹಂಗ ಅದೀನ್ರಿ" ಎಂದು ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿದ್ದ ಅಕ್ಕ ಸುಮ್ನಿರಲಿಲ್ಲ. "ಈಗ ಕರದ್ರ ಓ ಅಂತಾಳ್ರಿ. ಮಶೀನ್ ಮುಂದನೂ ಕುಂದರ್ತಾಳ." ಮೊದಲ ದಿನಗಳಲ್ಲೇ ಎದುರಿಗಿದ್ದವರ ಮುಖದಲ್ಲಿ ಸಿಟ್ಟು, ಭಯವನ್ನೇ ಹುಡುಕುವ ಒಲವು ಕಡಿಮೆಯಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಾನಂತೂ ಜೊತೆಗೆ ಬಂದವರನ್ನೇ ಕೇಳುತ್ತೇನೆ: ಸ್ನಾನ ಮಾಡಿದಳಾ, ಊಟಕ್ಕೆ ಕೂತಳಾ, ಯಾರ ಜೊತೆಗಾದರೂ ಮಾತಾಡಿದಳಾ?

ಈ ಹೊತ್ತಲ್ಲೇ ಕಣ್ಣಿಡಬೇಕು. ಕೆಲವರಿಗೆ ಮನಸ್ಸು ತಿಳಿಯಾಗುವ ಮೊದಲೇ ಮೈಯಲ್ಲಿ ಚೈತನ್ಯ ಬರುತ್ತದೆ, ಕೆಲವರಿಗೆ ಚಡಪಡಿಕೆ. 25 ವರ್ಷದೊಳಗಿನವರಲ್ಲಿ ಆರಂಭದಲ್ಲಿ ಸಾಯುವ ಯೋಚನೆ ಹೆಚ್ಚಬಹುದು. ಮಾತ್ರೆಗಳನ್ನು ಮನೆಯವರ ಕೈಗೇ ಕೊಡುತ್ತೇನೆ, ಬೇಗ ವಾಪಸ್ ಕರೆಸುತ್ತೇನೆ. ರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ ಎಂದು ಚೀಟಿಯ ಮೇಲೇ ಬರೆಯುತ್ತೇನೆ.

ಇದೇ ಟ್ರಾನ್ಸ್‌ಪೋರ್ಟರ್ ರಕ್ತದ ಪ್ಲೇಟ್‌ಲೆಟ್‌ಗಳಲ್ಲೂ ಇದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಅವುಗಳಿಗೆ ಸಿರೊಟೋನಿನ್ ಬೇಕು, ಮಾತ್ರೆ ಅದನ್ನು ಅವುಗಳ ಒಳಗೆ ಹೋಗದಂತೆ ತಡೆಯುತ್ತದೆ. ನಮ್ಮ ಕಡೆ ಕೂಲಿ ಮಾಡಿ ಬಂದವರು ಸೊಂಟ ನೋವಿಗೆ ಡೈಕ್ಲೋಫೆನಾಕ್ ನುಂಗುವುದು ದಿನದ ರೂಢಿ. ಎರಡೂ ಕೂಡಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಟ್ರಮಡಾಲ್ ಎಂಬ ಇನ್ನೊಂದು ನೋವಿನ ಮಾತ್ರೆಯ ಜೊತೆಗೆ ಬೇರೆಯದೇ ತೊಂದರೆ, ಸಿರೊಟೋನಿನ್ ಮಿತಿಮೀರಬಹುದು. ಅದಕ್ಕೇ ನೋವಿನ ಮಾತ್ರೆಯ ಬಗ್ಗೆ ಕೇಳದೆ ನಾನು ಯಾರನ್ನೂ ಕಳಿಸುವುದಿಲ್ಲ. ವಯಸ್ಸಾದವರಿಗೆ ಸೋಡಿಯಂ ಇಳಿದು ತಲೆ ಸುತ್ತಬಹುದು, ಬೇಸಿಗೆಯಲ್ಲಿ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಮೊದಲ ವಾರದ ವಾಕರಿಕೆಗೆ ಊಟದ ನಂತರ ತಗೊಂಡರೆ ಸಾಕು.

ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲೇ ಪ್ರಯೋಗ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಹುದು ಎಂದು ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮಾತ್ರೆ ಹಳ್ಳಿ ಮುಟ್ಟಿದೆ, ಈ ವಿವರಣೆಯೂ ಮುಟ್ಟಬೇಕು ಎಂಬುದು ನನ್ನ ಹಟ.

"ಚಟ ಹತ್ತತೈತೇನ್ರಿ?" ಎಂದು ಎಲ್ಲರೂ ಕೇಳುತ್ತಾರೆ. ಚಟ ಹತ್ತುವುದಿಲ್ಲ, ಆದರೆ ಒಮ್ಮೆಲೇ ಬಿಟ್ಟರೆ ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗಬಹುದು. ಇದೇ ಬಗೆಯ, ಬೇಗ ಮೈಯಿಂದ ಹೊರಹೋಗುವ ಪ್ಯಾರಾಕ್ಸೆಟಿನ್‌ನಲ್ಲಿ ಇದು ಹೆಚ್ಚು, ನಿಧಾನಕ್ಕೆ ಹೋಗುವ ಫ್ಲುಆಕ್ಸೆಟಿನ್‌ನಲ್ಲಿ ಕಮ್ಮಿ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸುತ್ತೇನೆ.