ಅಲೈನ್ಮೆಂಟಿಗೆ ರೊಕ್ಕ ಕೊಡೋಕಿಂತ ಮೊದ್ಲ ಗಾಲಿ ಅಲ್ಲಾಡಿಸಿ ನೋಡ್ರಿ

ಗಂಗಾವತಿ ಕಡೆ ಭತ್ತದ ಚೀಲ ಹೊಡಿಯೋ ಪಿಕಪ್ ಇರಲಿ, ಸಂಡೂರು-ತೋರಣಗಲ್ಲು ಕಡೆ ಕಬ್ಬಿಣ ಹೊಡಿಯೋದಿರಲಿ, ಮುಂದಿನ ಟೈರ್ ಒಂದ ಸೈಡ್ ಸವೆದು ದಾರ ಕಂಡ್ರ ಸಾಕು, ಸೀದಾ ಅಲೈನ್ಮೆಂಟ್ (ಗಾಲಿ ಕೋನ ಸರಿ ಮಾಡೋ) ಅಂಗಡಿಗೆ ಓಡ್ತಾರ. ಅಲ್ಲಿ ಹುಡುಗ ಕಂಪ್ಯೂಟರ್ ಹಚ್ಚಿ ಸ್ಕ್ರೀನ್ ಮ್ಯಾಲ ಎಲ್ಲಾ ಹಸಿರು ಬಂತು ನೋಡ್ರಿ ಅಂತ ಬಿಲ್ ಕೊಡ್ತಾನ. ಬಾಲ್ ಜಾಯಿಂಟ್ (ಗಾಲಿ ಕಡೆ ಭಾಗನ ಆರ್ಮಿಗೆ ಕೂಡಿಸೋ ಗುಂಡಿನ ಕೀಲು) ಲೂಸ್ ಇರೋ ಗಾಡಿಗೆ ಆ ಹಸಿರಿನಿಂದ ಏನೂ ಉಪಯೋಗ ಇಲ್ಲ, ಹೊರಗ ಬಂದು ಮೊದಲ ಗುಂಡಿ ಇಳಿದ ಕೂಡ್ಲೆ ಗಾಲಿ ತನಗ ಬೇಕಾದ ಕಡೆ ಹೊಳ್ಳತೈತಿ.

ಮೊದ್ಲು ಗಾಳಿ ಚೆಕ್ ಮಾಡ್ರಿ, ಆಮೇಲೆ ಟೈರ್ ಮ್ಯಾಲ ಕೈ ಆಡಿಸ್ರಿ. ಒಂದ ಅಂಚು ಸವೆದಿದ್ರ ಕ್ಯಾಂಬರ್ (ಮುಂದಿಂದ ನೋಡಿದ್ರ ಗಾಲಿ ವಾಲಿರೋದು) ಇಲ್ಲಾಂದ್ರ ಟೋ (ಮ್ಯಾಲಿಂದ ನೋಡಿದ್ರ ಗಾಲಿ ಮುಂದಿನ ಅಂಚು ಒಳಗ ಇಲ್ಲಾ ಹೊರಗ ಹೊಳ್ಳಿರೋದು) ಕೆಟ್ಟೈತಿ, ಒಂದ ಕಡೆ ಕೈ ಆಡಿಸಿದ್ರ ನುಣುಪು, ತಿರುಗಿ ಆಡಿಸಿದ್ರ ಗರಗಸದಂಗ ಚುಚ್ಚಿದ್ರ ಅದು ಟೋ. ಅಲ್ಲಲ್ಲಿ ತಗ್ಗು ಬಿದ್ದಿದ್ರ ಶಾಕ್ ಅಬ್ಸಾರ್ಬರ್ ಸತ್ತಿರಬಹುದು.

ಇನ್ನು ಎಲ್ಲಾರೂ ತಪ್ಪೋದು ಜಾಕ್ ಹಚ್ಚೋ ಜಾಗದಾಗ. ಕಾಯಿಲ್ ಸ್ಪ್ರಿಂಗ್ ಕೆಳಗಿನ ಆರ್ಮ್ (ಚಾಸಿಯಿಂದ ಗಾಲಿ ಕಡೆ ಬರೋ ತೋಳು) ಮ್ಯಾಲ ಕುಂತಿರೋ ಗಾಡಿಗೆ ಚಾಸಿಗೆ ಜಾಕ್ ಕೊಟ್ರ ಸ್ಪ್ರಿಂಗ್ ಆರ್ಮನ್ನ ಕೆಳಗ ಒತ್ತಿ ಹಿಡಿತೈತಿ, ಬಾಲ್ ಜಾಯಿಂಟ್ ಬಿಗಿ ಇದ್ದಂಗ ಅನಸ್ತೈತಿ, ಮೆಕ್ಯಾನಿಕ್ ಅಲ್ಲಾಡಿಸಿ ಏನೂ ಇಲ್ಲ ಬಿಡ್ರಿ ಅಂತಾನ. ಜಾಕ್ ಕೆಳಗಿನ ಆರ್ಮಿಗೇ ಕೊಡ್ರಿ, ಬಾಲ್ ಜಾಯಿಂಟಿಗೆ ಆದಷ್ಟು ಹತ್ರ, ಆಗ ಲೋಡ್ ಜಾಯಿಂಟ್ ಮ್ಯಾಲಿಂದ ಇಳಿತೈತಿ, ಲೂಸ್ ಇದ್ರ ಬಯಲಿಗೆ ಬರತೈತಿ. ಹಿಂದಿನ ಗಾಲಿಗೆ ಕಲ್ಲು ಕೊಡ್ರಿ, ಚಾಸಿ ಕೆಳಗ ಸ್ಟ್ಯಾಂಡ್ ಇಡ್ರಿ, ಬರೇ ಜಾಕ್ ನಂಬಿ ಕೆಳಗ ತೂರಬ್ಯಾಡ್ರಿ. ಗಾಲಿನ 12 ಗಂಟೆ 6 ಗಂಟೆ ಜಾಗದಾಗ ಹಿಡಿದು ಒಳಗ ಹೊರಗ ಅಲ್ಲಾಡಿಸ್ರಿ. ಟಕ್ ಅಂದ್ರ ಒಬ್ಬನ್ನ ಬ್ರೇಕ್ ಒತ್ತಿ ಹಿಡಿ ಅನ್ರಿ. ಟಕ್ ನಿಂತ್ರ ಬೇರಿಂಗ್, ನಿಲ್ಲಲಿಲ್ಲ ಅಂದ್ರ ಬಾಲ್ ಜಾಯಿಂಟ್. ಟೈರ್ ಕೆಳಗ ಉದ್ದನ ಲಿವರ್ ಕೊಟ್ಟು ಮ್ಯಾಲೆ ಎತ್ತಿ ಬಿಡೋದನ್ನೂ ಮಾಡ್ರಿ, ಆ ಹೊತ್ತಿನಾಗ ಜಾಯಿಂಟ್ ಮ್ಯಾಲ ಬೆರಳಿಟ್ರ ಕಣ್ಣಿಗೆ ಕಾಣದ ಆಟ (ಸಡಿಲ) ಬೆರಳಿಗೆ ಗೊತ್ತಾಗತೈತಿ. ಮುಂದನೂ ಕಟ್ಟೆಪಟ್ಟಿ (ಲೀಫ್ ಸ್ಪ್ರಿಂಗ್), ಅಚ್ಚು (ಆಕ್ಸಲ್) ಇರೋ ಗಾಡಿಯಾದ್ರ ಜಾಕ್ ಅಚ್ಚಿಗೆ, ಆಟ ಇದ್ರ ಸ್ಟೇರಿಂಗ್ ತಿರುವಿದಾಗ ಗಾಲಿ ಹೊಳ್ಳೋ ಕಿಂಗ್ ಪಿನ್ ನೋಡ್ರಿ.

ಟೈರಾಡ್ (ಸ್ಟೇರಿಂಗಿಂದ ಗಾಲಿ ತಿರುಗಿಸೋ ರಾಡು) ಎಂಡಿನ ಜಾಯಿಂಟ್ ನೋಡೋಕ ಜಾಕ್ ಬ್ಯಾಡ. ಗಾಲಿ ನೆಲದ ಮ್ಯಾಲ ಇರಲಿ, ಒಬ್ಬ ಸ್ಟೇರಿಂಗ್ ಸಣ್ಣಗ ಆ ಕಡೆ ಈ ಕಡೆ ಮಾಡ್ಲಿ, ನೀವು ಜಾಯಿಂಟ್ ಹಿಡಿದು ಕುಂದ್ರಿ.

ಲೂಸ್ ಇದ್ದದ್ದನ್ನ ಬದಲಿ ಮಾಡ್ರಿ. ಹೆಸರಿಲ್ಲದ ಡಬ್ಬದಾಗ ಅರ್ಧ ರೇಟಿಗೆ ಸಿಗೋ ಬಾಲ್ ಜಾಯಿಂಟ್ ನನ್ನ ಗಾಡಿಗಂತೂ ಹಾಕಲ್ಲ, ಅದರ ರಬ್ಬರ್ ಬೂಟ್ ಹರಿದು ನಮ್ಮ ಎರಿ ಮಣ್ಣು ಒಳಗ ಹೋದ ಮ್ಯಾಲ ಎಷ್ಟು ಗ್ರೀಸ್ ಹೊಡದ್ರೂ ಅಷ್ಟೇ. ಕ್ಯಾಸಲ್ ನಟ್ಟಿನ (ಕಿರೀಟದಂಗ ಕಚ್ಚು ಇರೋ ನಟ್ಟು) ಕಚ್ಚು ಜಾಯಿಂಟಿನ ತೂತಿಗೆ ಕೂಡಲಿಲ್ಲ ಅಂದ್ರ ಮುಂದಕ್ಕ ಬಿಗಿ ಮಾಡಿ ಕೂಡಿಸ್ರಿ, ಹಿಂದಕ್ಕ ಸಡಿಲ ಮಾಡಬ್ಯಾಡ್ರಿ, ಆ ತೂತಿನಾಗ ಹಾಕೋ ಸ್ಪ್ಲಿಟ್ ಪಿನ್ ಹೊಸದ ಹಾಕ್ರಿ. ಆರ್ಮ್ ಬುಷ್ (ಆರ್ಮಿನ ಬುಡದಾಗಿನ ರಬ್ಬರ್) ಹಾಕಿದ್ರ ಅದರ ಬೋಲ್ಟ್ ಕೊನೆ ಬಿಗಿ ಗಾಡಿ ನೆಲಕ್ಕಿಳಿಸಿದ ಮ್ಯಾಲ. ಗಾಲಿ ತೂಗಾಡೋವಾಗ ಬಿಗಿ ಮಾಡಿದ್ರ ರಬ್ಬರ್ ಸದಾ ತಿರುಚಿಕೊಂಡ ಇರತೈತಿ, ಬೇಗ ಹರಿತೈತಿ, ಆಮ್ಯಾಲ ಪಾರ್ಟ್ ಸರಿ ಇಲ್ಲ ಅಂತ ಬೈತಾರ.

ಅಲೈನ್ಮೆಂಟ್ ಈಗ ಮಾಡಿಸ್ರಿ. ಚೀಲ ಇಳಿಸಿ ಹೋಗ್ರಿ, ಹಿಂದ ಲೋಡ್ ಕುಂತ್ರ ಕ್ಯಾಸ್ಟರ್ (ಪಕ್ಕದಿಂದ ನೋಡಿದ್ರ ಗಾಲಿ ಹೊಳ್ಳೋ ಅಕ್ಷ ವಾಲಿರೋದು) ಬದಲಾಗತೈತಿ. ಕ್ಯಾಸ್ಟರ್, ಕ್ಯಾಂಬರ್ ಮೊದ್ಲು, ಟೋ ಕಡೀಕ, ಯಾಕಂದ್ರ ಮೊದಲಿನೆರಡು ಮುಟ್ಟಿದ್ರ ಟೋ ಕೆಡತೈತಿ. ಎರಡೂ ಕಡೆ ಟೈರಾಡ್ ಇರೋ ಗಾಡಿಗೆ ಒಂದ ಸೈಡ್ ಮಾತ್ರ ತಿರುಗಿಸಿದ್ರ ಸ್ಟೇರಿಂಗ್ ಸೊಟ್ಟ ನಿಲ್ಲತೈತಿ. ಅಚ್ಚಿನ ಕ್ಯಾಂಬರ್ ಸರಿ ಮಾಡ್ತೀನಿ ಅಂತ ಬೆಂಕಿ ಹಚ್ಚಿ ಬಗ್ಗಿಸೋರು ಅದಾರ, ಅಲ್ಲಿಂದ ಗಾಡಿ ತಗೊಂಡು ಬಂದ್ಬಿಡ್ರಿ. ಮೊದಲಿಂದು, ಆಮೇಲಿಂದು ಎರಡೂ ಪ್ರಿಂಟ್ ಕೇಳಿ ಇಸ್ಕೊಳ್ರಿ.

ಟ್ರಯಲ್ಲಿಗೆ ಹೊಸಪೇಟೆ-ಕೊಪ್ಪಳ ಹೈವೇದಂತ ಸಪಾಟ ರೋಡ್ ಹಿಡೀರಿ. ಸ್ವಲ್ಪ ಎಡಕ್ಕ ಎಳದ್ರ ರೋಡಿನ ಇಳಿಜಾರಿಂದ ಇರಬಹುದು. ಜಾಸ್ತಿ ಎಳದ್ರ ಮುಂದಿನ ಎರಡು ಟೈರ್ ಅದಲು ಬದಲು ಮಾಡಿ ನೋಡ್ರಿ, ಎಳೆತ ಬಲಕ್ಕ ಹೋದ್ರ ತಪ್ಪು ಟೈರಿಂದು, ಅಂಗಡಿಯವನ ಜೋಡಿ ಜಗಳ ಬ್ಯಾಡ.