ನಮ್ಮ ಪದ್ಮಿನಿಯ ಹೆಡ್‌ಲೈಟ್ ರಿಪೇರಿ

ಮಂಡಗದ್ದೆ ದಾಟುತ್ತಿದ್ದ ಹಾಗೆ ಮಳೆ ಹಿಡಿದುಕೊಂಡಿತು. ಜುಲೈ ತಿಂಗಳು, ರಾತ್ರಿ ಎಂಟೂವರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದೆವು, ನಮ್ಮ 1986ರ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ. ಎದುರಿನಿಂದ ಒಂದು ಲಾರಿ ಬಂದು ಹೋಯಿತು ನೋಡಿ, ಆಮೇಲೆ ರಸ್ತೆ ಎಲ್ಲಿದೆ ಅಂತಲೇ ಕಾಣಲಿಲ್ಲ. ಪಕ್ಕದಲ್ಲಿದ್ದ ಅಪ್ಪಯ್ಯ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, "ಸ್ವಲ್ಪ ಬಲಕ್ಕೆ ತಗೊ, ಚರಂಡಿ ಇದೆ" ಅಂತ ದಾರಿ ಹೇಳಬೇಕಾಯಿತು. ಲೈಟ್ ಉರಿಯುತ್ತಿತ್ತು, ಇಲ್ಲ ಅಂತಲ್ಲ. ಲಾಟೀನಿನ ಹಾಗೆ, ಕೆಂಪಗೆ.

ಮಾರನೇ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಗಾಡಿಗೆ ಮೊದಲೇ ಎಚ್4 ಡೂಮ್ (ಬಲ್ಬ್ ಕೂರುವ ಗಾಜು, ಕನ್ನಡಿಯ ಬಟ್ಟಲು) ಇತ್ತು. ಎಚ್4 ಅಂದರೆ ದೂರಕ್ಕೆ ಹೊಡೆಯುವ ಹೈ, ಹತ್ತಿರಕ್ಕೆ ಹೊಡೆಯುವ ಡಿಮ್, ಎರಡರ ತಂತಿಯೂ ಒಂದೇ ಬಲ್ಬಿನಲ್ಲಿ. ಹೈಗೆ 60, ಡಿಮ್‌ಗೆ 55 ವ್ಯಾಟಿನ ಬಲ್ಬ್ ತೆಗೆದು 100/90 ಹಾಕಿದೆ. ರಸ್ತೆಗೆ ಅದು ಕಾನೂನಿನ ಪ್ರಕಾರವೂ ಸರಿಯಲ್ಲ, ಗೊತ್ತಿತ್ತು, ಆದರೂ ಹಾಕಿದೆ. ಬೆಳಕು ಸ್ವಲ್ಪ ಹೆಚ್ಚಾಯಿತು. ಅರ್ಧ ಗಂಟೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಹೋಲ್ಡರ್ ಕರಗಿ ಬಲ್ಬಿನ ಪಿನ್ನಿಗೆ ಅಂಟಿಕೊಂಡಿತ್ತು.

ಆಗ ಮಲ್ಟಿಮೀಟರ್ ಹಿಡಿದು ಕೂತೆ. ಇದನ್ನು ಮೊದಲೇ ಮಾಡಬೇಕಿತ್ತು. ಹಳೇ ಬಲ್ಬನ್ನೇ ಮತ್ತೆ ಹಾಕಿ, ಎಂಜಿನ್ ಆಫ್ ಇಟ್ಟು ಲೈಟ್ ಹಾಕಿದೆ. ಬ್ಯಾಟರಿಯಲ್ಲಿ 12.2 ವೋಲ್ಟ್. ಬಲ್ಬಿನ ಪಿನ್ನಿನಲ್ಲಿ 10.1. ಎರಡು ವೋಲ್ಟ್ ದಾರಿಯಲ್ಲೇ ಮಾಯ! ಹ್ಯಾಲೊಜನ್ ಬಲ್ಬಿನ ಗುಣ ಏನೆಂದರೆ, ವೋಲ್ಟೇಜ್ ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಎರಡು ವೋಲ್ಟ್ ಹೋದರೆ ಹತ್ತಿರ ಹತ್ತಿರ ಅರ್ಧ ಬೆಳಕೇ ಹೋಗುತ್ತದೆ.

ಎಲ್ಲಿ ಹೋಯಿತು ಅಂತ ಹುಡುಕುವುದು ಕಷ್ಟವೇನಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಹೋಲ್ಡರಿನ ಅರ್ಥ್ ಪಿನ್ನಿಗೆ ಹಿಡಿದೆ. ಸೊನ್ನೆಯ ಹತ್ತಿರ ಇರಬೇಕು, 0.8 ತೋರಿಸಿತು. ಉಳಿದ 1.3 ಪಾಸಿಟಿವ್ ಕಡೆ ಹೋಗುತ್ತಿತ್ತು. ಹೋಗದೆ ಇನ್ನೇನು? ಎರಡೂ ಲೈಟಿನ ಒಂಬತ್ತು ಹತ್ತು ಆಂಪಿಯರ್ ಕರೆಂಟು ಸಣ್ಣ ವೈರಿನಲ್ಲಿ ಡ್ಯಾಶ್‌ಬೋರ್ಡ್ ತನಕ ಬಂದು, ಸವೆದ ಸ್ವಿಚ್ ದಾಟಿ, ಹೈ-ಡಿಮ್ ಬದಲಿಸುವ ಡಿಪ್ಪರ್ ದಾಟಿ, ಮತ್ತೆ ವಾಪಸ್ ಮುಂದಕ್ಕೆ ಹೋಗಬೇಕು.

ಅದಕ್ಕೆ ಮದ್ದು ರಿಲೇ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. ಎರಡು ತಂದೆ, ಹೈಗೆ ಒಂದು, ಡಿಮ್‌ಗೆ ಒಂದು. ಬ್ಯಾಟರಿಯಿಂದ 4 ಚದರ ಮಿಲಿಮೀಟರಿನ ವೈರ್ ನೇರವಾಗಿ ರಿಲೇಯ 30ನೇ ಪಿನ್ನಿಗೆ. 87ರಿಂದ ಬಲ್ಬಿಗೆ. 85 ಅರ್ಥ್‌ಗೆ. ಬಲ್ಬಿಗೆ ಹೋಗುತ್ತಿದ್ದ ಹಳೇ ವೈರ್ ಈಗ 86ಕ್ಕೆ. ಅಂದರೆ ಹಳೇ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ, ಅದಕ್ಕೆ ಕಾಲು ಆಂಪಿಯರ್ ಕೂಡ ಬೇಡ. ಬ್ಯಾಟರಿಯ ಪಕ್ಕದಲ್ಲೇ ಒಂದು ಮುಖ್ಯ ಫ್ಯೂಸ್ ಹಾಕಿದೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಆ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಗಾಡಿಯೇ ಹೊತ್ತಿಕೊಳ್ಳುತ್ತದೆ. ಎಡ ಬಲ ಬಲ್ಬುಗಳಿಗೂ ಬೇರೆ ಬೇರೆ ಫ್ಯೂಸ್ ಕೊಟ್ಟೆ. ಒಂದು ಹೋದರೂ ಘಾಟಿಯಲ್ಲಿ ಇನ್ನೊಂದು ಉಳಿದಿರುತ್ತದೆ, ಅಲ್ವಾ? ಹೋಲ್ಡರ್ ಈ ಸಲ ಪಿಂಗಾಣಿಯದು.

ಇನ್ನು ಅರ್ಥ್ ಕಡೆಯ ಆ 0.8 ವೋಲ್ಟ್. ಅರ್ಥಿಂಗ್ ವೈರನ್ನು ಒಳಗಿನ ತಗಡಿಗೆ ಒಂದು ಸ್ಕ್ರೂ ಹಾಕಿ ಹಿಡಿಸಿದ್ದರು. ಸ್ಕ್ರೂ ಬಿಚ್ಚಿದಾಗ ಕೆಳಗೆ ತುಕ್ಕು, ತಾಮ್ರದ ಎಳೆಗಳ ತುಂಬ ಹಸಿರು ಕಿಲುಬು. ಎಳೆದರೆ ಪುಡಿಪುಡಿಯಾಗಿ ಕೈಗೆ ಬಂತು. ಉಪ್ಪುಕಾಗದದಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ವೈರಿನ ತುದಿಗೆ ಹೊಸ ಲಗ್ ಹಾಕಿ, ಮೇಲೆ ಗ್ರೀಸ್ ಸವರಿದೆ. ಸಾಲದು ಅಂತ ಬ್ಯಾಟರಿಯ ನೆಗೆಟಿವ್‌ಗೇ ಇನ್ನೊಂದು ವೈರ್ ಎಳೆದೆ.

ಎಲ್‌ಇಡಿ ಬಲ್ಬ್ ಹಾಕು, ಸುಮ್ನೆ ಯಾಕೆ ಒದ್ದಾಡ್ತೀಯಾ ಅಂದವರು ಬಹಳ ಜನ. ಎಚ್4 ಬಲ್ಬನ್ನು ಹತ್ತಿರದಿಂದ ನೋಡಿ. ಡಿಮ್‌ನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇದೆ. ಬೆಳಕು ಮೇಲಕ್ಕೆ ಹಾರಿ ಎದುರಿನವನ ಕಣ್ಣಿಗೆ ಹೊಡೆಯದ ಹಾಗೆ ತಡೆಯುವುದು ಅದೇ. ಆ ತಂತಿ ಇರುವ ಜಾಗದ ಲೆಕ್ಕಕ್ಕೇ ಡೂಮ್ ಮಾಡಿರುತ್ತಾರೆ. ಅಲ್ಲಿ ಸಿಕ್ಕ ಎಲ್‌ಇಡಿ ತುರುಕಿದರೆ ಬೆಳಕು ಎಲ್ಲ ಕಡೆ ಚೆಲ್ಲುತ್ತದೆ. ನನಗಂತೂ ಬೇಡ.

ಡೂಮ್‌ಗಳ ಹೊಳಪು ಹೋಗಿತ್ತು. 7 ಇಂಚಿನ ದುಂಡು ಡೂಮ್ ಅಲ್ವಾ, ಆರಾಮಾಗಿ ಸಿಗುತ್ತದೆ ಅಂತ ಆನ್‌ಲೈನ್‌ನಲ್ಲಿ ವಿದೇಶಿ ಜೋಡಿ ತರಿಸಿದೆ. ಹಾಕಿ ಗೋಡೆಗೆ ಬಿಟ್ಟರೆ ಡಿಮ್‌ನ ಗೆರೆ, ಅಂದರೆ ಬೆಳಕಿನ ಮೇಲಿನ ಅಂಚು, ಬಲಕ್ಕೆ ಏರುತ್ತಿದೆ! ಬಲಗಡೆ ಓಡಿಸುವ ದೇಶಗಳಿಗೆ ಮಾಡಿದ ಗಾಜು. ನಮ್ಮಲ್ಲಿ ಎಡಕ್ಕೆ ಏರಬೇಕು. ವಾಪಸ್ ಕಳಿಸಿ, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ನಮ್ಮ ರಸ್ತೆಗೆ ಹೊಂದುವುದನ್ನೇ ತಂದೆ. ಬಲ್ಬಿನ ಗಾಜು ಮುಟ್ಟಬೇಡಿ, ಕೈ ಜಿಡ್ಡು ಅಂಟಿದ ಕಡೆ ಬಿಸಿಯಾಗಿ ಬೇಗ ಹೋಗುತ್ತದೆ.

ಗೋಡೆಗೆ ಹಿಡಿದು ಸೆಟ್ ಮಾಡುವುದಕ್ಕೆ ಒಂದು ಸಂಜೆ ಬೇಕಾಯಿತು. ಟೈರಿನ ಗಾಳಿ ಸರಿ ಮಾಡಿಕೊಂಡು, ಸಮ ನೆಲದಲ್ಲಿ ಹತ್ತು ಮೀಟರ್ ದೂರ ನಿಲ್ಲಿಸಿ, ಡಿಮ್‌ನ ಗೆರೆಯನ್ನು ಲೈಟಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ತಂದೆ. ಹಿಂದಿನ ಸೀಟಿನಲ್ಲಿ ಮೂರು ಜನ ಕೂತರೆ ಮೂತಿ ಮೇಲೇಳುತ್ತದೆ, ಹಾಗಾಗಿ ಇನ್ನೂ ಒಂದು ಚೂರು ಇಳಿಸಿದೆ.

ಈಗ ಎಂಜಿನ್ ಆಫ್ ಇದ್ದಾಗ ಬಲ್ಬಿನಲ್ಲಿ 11.8 ವೋಲ್ಟ್. ಓಡುವಾಗ 13ರ ಮೇಲೆ. ನಮ್ಮ ಗಾಡಿಗೆ ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ಆಲ್ಟರ್ನೇಟರ್ ಇದೆ. ಅದರ ಬದಲು ಹಳೇ ಕಾಲದ ಡೈನಮೋ ಇರುವವರಿಗೆ ಐಡ್ಲಿಂಗ್‌ನಲ್ಲಿ ಲೈಟ್ ಕುಗ್ಗುವುದು ರಿಲೇ ಹಾಕಿದರೂ ತಪ್ಪುವುದಿಲ್ಲ.

ಸೆಪ್ಟೆಂಬರಿನಲ್ಲಿ ಅದೇ ರಸ್ತೆ, ಅದೇ ಮಳೆ. ಅಪ್ಪಯ್ಯ ಕಿಟಕಿ ಇಳಿಸಲಿಲ್ಲ. ಸಕ್ರೆಬೈಲು ಬರುವ ಮೊದಲೇ ನಿದ್ದೆ ಹೋಗಿದ್ದರು. ವೈಪರ್ ಮಾತ್ರ ಅದೇ ಹಳೇ ಕಥೆ. ಅದರ ಮೋಟಾರ್ ಈಗ ಬಿಚ್ಚಿ ಟೇಬಲ್ ಮೇಲೆ ಇಟ್ಟಿದ್ದೇನೆ.